ಥೋ ಹಾ ಗ್ರಾಮದ ಅಕ್ಕಿ ಹಾಳೆಯ ಕೆಲಸವನ್ನು ಚಿತ್ರೀಕರಿಸುವುದು ಹೇಗೆ?

ಪ್ರಶ್ನೆ:
ಈ ಚಳಿಗಾಲದಲ್ಲಿ ಹನೋಯ್‌ಗೆ ಹೋಗುವವನಿದ್ದೇನೆ. ಅಲ್ಲಿಂದ ಉತ್ತರ ವಿಯೆಟ್ನಾಮಿನ ಕಾವ್ ನದಿಯ ದಡದಲ್ಲಿರುವ ಥೋ ಹಾ ಗ್ರಾಮದಲ್ಲಿ ಎರಡು ದಿನವಿದ್ದು, ಅಲ್ಲಿನ ಮನೆಗಳಲ್ಲಿ ನಡೆಯುವ ಅಕ್ಕಿ ಹಾಳೆಯ (ತಿನ್ನುವ ‘ರೈಸ್ ಪೇಪರ್’) ತಯಾರಿಕೆಯನ್ನು ಚಿತ್ರೀಕರಿಸಬೇಕೆಂದಿದ್ದೇನೆ. ಇದುವರೆಗೆ ನಾನು ನೋಡಿರುವ ಚಿತ್ರಗಳಲ್ಲೆಲ್ಲ ಓಣಿಯ ತುಂಬ ಬಿದಿರಿನ ತಟ್ಟಿಗಳು, ನಡುವೆ ಓಲೆಯ ಟೋಪಿ ಧರಿಸಿದ ಒಬ್ಬ ಹೆಂಗಸು, ಇಷ್ಟೇ. ಕೆಲಸವೇ ಕಾಣುವಂತೆ ತೆಗೆಯಲು ಯಾವ ಹೊತ್ತು ಸೂಕ್ತ? ಭಾಷೆ ಬಾರದವನು ಅನುಮತಿ ಕೇಳುವುದು ಹೇಗೆ? ನನ್ನ ಬಳಿ 35 ಮತ್ತು 85 ಮಿ.ಮೀ. ಲೆನ್ಸುಗಳಿವೆ.

ಉತ್ತರ 1:
ತಟ್ಟಿಗಳು ಬಿಸಿಲಿಗೆ ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಆದ್ದರಿಂದ ನಸುಕಿಗೇ ಒಲೆಯ ಬಳಿ ಇರಿ. ನೆನೆಸಿ ರುಬ್ಬಿದ ಅಕ್ಕಿಯ ಹಿಟ್ಟನ್ನು, ನಮ್ಮ ನೀರುದೋಸೆಯ ಹಿಟ್ಟಿನಷ್ಟು ತೆಳುವಾಗಿ, ಕುದಿಯುವ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಹರಡಿ ಮುಚ್ಚುತ್ತಾರೆ. ಬೆಂದ ಹಾಳೆಯನ್ನು ಬಿದಿರಿನ ಕಡ್ಡಿಯಿಂದ ಎತ್ತಿ ತಟ್ಟಿಗೆ ಹಾಸುವ ಆ ಒಂದು ಗಳಿಗೆಯೇ ನಿಮ್ಮ ಚಿತ್ರ. ಹಬೆಗೆ ಹಿಂದಿನಿಂದ ಬೆಳಕು ಬೀಳುವಂತೆ ನಿಂತುಕೊಳ್ಳಿ. ಬಿಳಿ ಹಾಳೆಗಳೇ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಮೋಸಹೋಗಿ ಎಲ್ಲವನ್ನೂ ಬೂದುಬಣ್ಣ ಮಾಡುತ್ತದೆ, ಹಾಗಾಗಿ ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣವನ್ನು) ಸುಮಾರು ಒಂದು ಸ್ಟಾಪ್, ಅಂದರೆ ಇಮ್ಮಡಿಗೆ, ಹೆಚ್ಚಿಸಿ. ಓಣಿಗಳು ಬಹಳ ಕಿರಿದಾಗಿರುವುದರಿಂದ 85 ಚೀಲದಲ್ಲೇ ಉಳಿಯಬಹುದು. ವಿಯೆಟ್ನಾಮಿನ ಚಾಂದ್ರಮಾನ ಹೊಸವರ್ಷವಾದ ತೆತ್‌ಗೆ ಮುಂಚಿನ ವಾರಗಳಲ್ಲಿ ಬೇಡಿಕೆ ಹೆಚ್ಚು, ಕೆಲಸವೂ ಹೆಚ್ಚು. ಹಬ್ಬ ಕಳೆದ ಮೇಲೆ ತುಂತುರು ಮಳೆಯ ಕಾಲ ಬರುತ್ತದೆ, ಒಣಗಿಸುವವರಿಗೂ ನಿಮಗೂ ಅದು ಕಷ್ಟದ ಕಾಲ.

ಉತ್ತರ 2:
ಅನುಮತಿಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಅಪರಿಚಿತರನ್ನು ನಾವು ಅಜ್ಜಿ, ಅಕ್ಕ, ಅಣ್ಣ ಎನ್ನುವ ಹಾಗೆಯೇ ಅವರೂ ಬಂಧುವಾಚಕಗಳಿಂದಲೇ ಮಾತಾಡಿಸುತ್ತಾರೆ: ಅಜ್ಜಿಗೆ ‘ಬಾ’, ಅತ್ತೆಯ ವಯಸ್ಸಿನವರಿಗೆ ‘ಕೋ’. ‘ಚಾವ್ ಬಾ’ ಎಂದು ವಂದಿಸಿ, ಕ್ಯಾಮೆರಾ ತೋರಿಸಿ, ತಲೆಯಾಡಿಸುವವರೆಗೆ ಕಾಯಿರಿ. ಹಣ ಕೊಟ್ಟು ನಿಲ್ಲಿಸಿ ತೆಗೆಯುವುದು ನನಗೆ ಒಗ್ಗುವುದಿಲ್ಲ. ಅವರಿಂದ ಒಂದೆರಡು ಕಟ್ಟು ಅಕ್ಕಿ ಹಾಳೆ ಕೊಂಡರೆ ಸಾಕು. ಮರುದಿನ ಮುದ್ರಿತ ಪ್ರತಿಯೊಂದನ್ನು ಕೈಗಿತ್ತರೆ ಇನ್ನೂ ಒಳ್ಳೆಯದು.

ಉತ್ತರ 3:
ಹಣದ ಮಾತನ್ನು ನಾನು ಅಷ್ಟು ಕಟ್ಟುನಿಟ್ಟಾಗಿ ಹೇಳಲಾರೆ. ಹನೋಯ್ ಸಮೀಪದ ಅಗರಬತ್ತಿ ಗ್ರಾಮ ಕ್ವಾಂಗ್ ಫೂ ಕಾವ್‌ನಲ್ಲಿ ಕೆಂಪು ಕಡ್ಡಿಗಳನ್ನು ಹರಡಿ, ಚಿತ್ರ ತೆಗೆಯಲು ಬರುವವರಿಂದ ಶುಲ್ಕ ಪಡೆಯುವುದುಂಟು. ಬಿಡುವಿಲ್ಲದವರ ಸಮಯಕ್ಕೆ ಬೆಲೆ ಕಟ್ಟುವುದರಲ್ಲಿ ತಪ್ಪೇನು? ಆದರೆ ಅಂಥ ಚಿತ್ರವನ್ನು ದೈನಂದಿನ ಬದುಕು ಎಂದು ಕರೆಯಬೇಡಿ. ಥೋ ಹಾದಲ್ಲಿ ಹಲವು ಮನೆಗಳಲ್ಲಿ ಈಗ ಯಂತ್ರಗಳೂ ಇವೆ. ಅವನ್ನು ಚೌಕಟ್ಟಿನಿಂದ ಹೊರಗಿಡಬೇಡಿ. ಇನ್ನೊಂದು ಮಾತು: ಇದು ಮೊದಲು ಕುಂಬಾರರ ಊರಾಗಿತ್ತು, ಹಳೆಯ ಗೋಡೆಗಳಲ್ಲಿ ಮಡಕೆಯ ಚೂರುಗಳು ಈಗಲೂ ಕಾಣುತ್ತವೆ. ಆ ಗೋಡೆಗೆ ಒರಗಿಸಿದ ಅಕ್ಕಿ ಹಾಳೆಯ ತಟ್ಟಿಯಲ್ಲಿ ಊರಿನ ಎರಡು ಕಸುಬುಗಳೂ ಒಟ್ಟಿಗೆ ಸಿಗುತ್ತವೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಎರಡೂ ದಿನ ಒಂದೇ ಮನೆಯವರ ಜೊತೆಗಿರಲು ಪ್ರಯತ್ನಿಸುತ್ತೇನೆ, ಯಂತ್ರವಿದ್ದರೆ ಅದನ್ನೂ ತೆಗೆಯುತ್ತೇನೆ. ಮುದ್ರಿಸಲು ಕೈಯಲ್ಲಿ ಹಿಡಿಯುವಂಥ ಸಣ್ಣ ಪ್ರಿಂಟರೊಂದನ್ನು ಒಯ್ಯುವುದೆಂದು ನಿರ್ಧರಿಸಿ, 85ರ ಲೆನ್ಸನ್ನು ಮನೆಯಲ್ಲೇ ಬಿಟ್ಟಿದ್ದೇನೆ.