ಅಪ್‌ಡೇಟ್: 12 ಲಕ್ಷ ಸಿಟಿಸಿ, ಕೈಗೆ ಬರೋದೆಷ್ಟು?

ಬೆಂಗಳೂರಿನ ವರ್ಷಕ್ಕೆ 12 ಲಕ್ಷ ಸಿಟಿಸಿ (ಕಂಪನಿ ನನಗಾಗಿ ಮಾಡೋ ಒಟ್ಟು ಖರ್ಚು) ಇರೋ ಆಫರ್‌ನಲ್ಲಿ ತಿಂಗಳಿಗೆ ಕೈಗೆಷ್ಟು ಸಿಗುತ್ತೆ ಅಂತ ಕೇಳಿದ್ದೆ. ನೀವು ಹೇಳಿದಂತೆ ಎಚ್‌ಆರ್ ಕಡೆಯಿಂದ ಪೂರ್ತಿ ಬ್ರೇಕಪ್ ತರಿಸಿಕೊಂಡೆ.

ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡೋ ಭಾಗ, ತಿಂಗಳ ಸಂಬಳದಲ್ಲಿ ಬರಲ್ಲ) 1,20,000. ಬೇಸಿಕ್ 6,00,000, ಅದರ ಮೇಲೆ ಕಂಪನಿ ಪಾಲಿನ ಪಿಎಫ್ (ಭವಿಷ್ಯ ನಿಧಿ) ಶೇ 12, ಅಂದ್ರೆ 72,000. ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗೋ ಇಡಿಗಂಟು) ಬೇಸಿಕ್‌ನ ಶೇ 4.81, ಅಂದ್ರೆ 28,860. ಇವಿಷ್ಟೂ ಸಿಟಿಸಿ ಒಳಗೇ! ಕಾಯಂ ನೌಕರಿಯಲ್ಲಿ ಐದು ವರ್ಷ ನಿಲ್ಲದವರಿಗೆ ಗ್ರಾಚ್ಯುಟಿ ಬರೀ ಕಾಗದದ ಮೇಲಿನ ದುಡ್ಡು.

ಉಳಿದ 9,79,140ರಲ್ಲಿ ನನ್ನ ಪಾಲಿನ ಪಿಎಫ್ 72,000, ವೃತ್ತಿ ತೆರಿಗೆ 2,500 (ತಿಂಗಳಿಗೆ 200, ಫೆಬ್ರವರಿಯಲ್ಲಿ 300) ಕಳೆದರೆ ತಿಂಗಳಿಗೆ ಸುಮಾರು 75,400. ಹೊಸ ತೆರಿಗೆ ಪದ್ಧತಿಯಲ್ಲಿ ಇಷ್ಟು ಆದಾಯಕ್ಕೆ ತೆರಿಗೆ ಬರಲ್ಲ, ಹಾಗಾಗಿ ಟಿಡಿಎಸ್ (ಸಂಬಳದಲ್ಲೇ ಮುರಿಯೋ ಆದಾಯ ತೆರಿಗೆ) ಸೊನ್ನೆ.

ವೇರಿಯಬಲ್‌ನ ಅರ್ಧ ಸ್ಪೆಷಲ್ ಅಲೊವನ್ಸ್‌ಗೆ (ತಿಂಗಳ ಸಂಬಳದ ಜೊತೆ ಬರೋ ಭತ್ಯೆ) ಸೇರಿಸಿ ಅಂತ ಮೇಲ್ ಹಾಕಿದ್ದೀನಿ. ಒಪ್ಪಿದರೆ ತಿಂಗಳಿಗೆ 5,000 ಜಾಸ್ತಿ.