ಅಪ್‌ಡೇಟ್: ಹೆಚ್‌ಇಕ್ಯೂ5 ಮೌಂಟ್ ಕೆಸ್ಟಾರ್ಸ್‌ಗೆ ಕನೆಕ್ಟ್ ಆಯಿತು

ಉಬುಂಟು 22.04ರಲ್ಲಿ ಕೆಸ್ಟಾರ್ಸ್‌ಗೆ (ಆಕಾಶ ನಕ್ಷೆ ತೋರಿಸಿ ಟೆಲಿಸ್ಕೋಪ್ ನಡೆಸುವ ಪ್ರೋಗ್ರಾಂ) ನನ್ನ ಮೌಂಟ್, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೋಟಾರ್ ಸ್ಟ್ಯಾಂಡ್, ಸಿಗುತ್ತಿಲ್ಲ, ಕೇಬಲ್ ಹಾಕಿದ ಕೂಡಲೇ ಅದರ ಪೋರ್ಟ್ ಟಿಟಿವೈಯುಎಸ್‌ಬಿ0 ಕಾಣಿಸಿಕೊಂಡು ಮಾಯವಾಗುತ್ತದೆ ಎಂದು ಕೇಳಿದ್ದೆನಲ್ಲ, ಅದು ಸರಿಹೋಯಿತು! ಡಿಮೆಸೇಜ್ (ಲಿನಕ್ಸ್ ಕರ್ನಲ್‌ನ ಸಂದೇಶಗಳನ್ನು ತೋರಿಸುವ dmesg ಕಮಾಂಡ್) ನೋಡಲು ಹೇಳಿದವರಿಗೆ ತುಂಬಾ ಥ್ಯಾಂಕ್ಸ್, ಉತ್ತರ ಅಲ್ಲೇ ಇತ್ತು.

ಮೌಂಟನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಇಕ್ಯೂಡಿಐಆರ್ ಕೇಬಲ್ ಒಳಗಿರುವುದು ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ ಸಿಎಚ್340 ಚಿಪ್, ಯುಎಸ್‌ಬಿ ಐಡಿ 1ಎ86:7523. ಬ್ರೈಲ್ ಡಿಸ್‌ಪ್ಲೇಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಪ್ರೋಗ್ರಾಂನ ಪಟ್ಟಿಯಲ್ಲೂ ಇದೇ ಐಡಿ ಇದೆ. ಹಾಗಾಗಿ ಅದು ಕೇಬಲನ್ನು ಬ್ರೈಲ್ ಸಾಧನ ಅಂದುಕೊಂಡು ಪೋರ್ಟನ್ನು ತಾನೇ ಹಿಡಿದುಕೊಳ್ಳುತ್ತಿತ್ತು. ನಮ್ಮಲ್ಲಿ ಯಾರೂ ಬ್ರೈಲ್ ಬಳಸುವುದಿಲ್ಲ, ಅದಕ್ಕೆ ಆ ಪ್ರೋಗ್ರಾಂ ಅನ್ನೇ ತೆಗೆದುಹಾಕಿದೆ. ಬಳಸುವವರು ಇದ್ದರೆ ದಯವಿಟ್ಟು ತೆಗೆಯಬೇಡಿ, ಅದರ ಯುಡೆವ್ ರೂಲ್‌ನಲ್ಲಿ (ಸಾಧನ ಸಿಕ್ಕಾಗ ಏನು ಮಾಡಬೇಕೆಂದು ಹೇಳುವ ಫೈಲ್) ಆ ಐಡಿಯ ಸಾಲಿನ ಮುಂದಷ್ಟೇ # ಹಾಕಿ ಕಾಮೆಂಟ್ ಮಾಡಿದರೆ ಸಾಕು.

ಆಮೇಲೆ ಯೂಸರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗ್ರೂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬಂದು, ಎಕೋಸ್‌ನಲ್ಲಿ (ಸಾಧನಗಳನ್ನು ನಡೆಸುವ ಕೆಸ್ಟಾರ್ಸ್‌ನ ಭಾಗ) ಮೌಂಟಿನ ಇಕ್ಯೂಮಾಡ್ ಡ್ರೈವರ್ ಆರಿಸಿ ವೇಗ 9600 ಬಾಡ್ ಇಟ್ಟೆ. ತಕ್ಷಣ ಕನೆಕ್ಟ್ ಆಯಿತು. ಅನ್‌ಪಾರ್ಕ್ ಮಾಡದೆ (ನಿಲುಗಡೆಯಿಂದ ಬಿಡಿಸದೆ) ಮೌಂಟ್ ಗುರಿಯತ್ತ ತಿರುಗುವುದಿಲ್ಲ, ಸುಮ್ನೆ ಗಾಬರಿಯಾಗಬೇಡಿ. ಈ ಡ್ರೈವರ್‌ಗಳನ್ನು ನಡೆಸುವ ಇಂಡಿ ಸರ್ವರ್ ಓಡುತ್ತಿದ್ದರೆ ಇನ್ನೊಂದು ಆಕಾಶ ನಕ್ಷೆ ಪ್ರೋಗ್ರಾಂ ಸ್ಟೆಲೇರಿಯಂ ಕೂಡ 7624 ಪೋರ್ಟಿನಲ್ಲಿ ಅದೇ ಮೌಂಟಿಗೆ ಸೇರಿಕೊಳ್ಳುತ್ತದೆ, ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಒಂದು ಎಚ್ಚರಿಕೆ: ಈ ಕೇಬಲ್ 5 ವೋಲ್ಟ್ ಟಿಟಿಎಲ್ (ಕಡಿಮೆ ವೋಲ್ಟೇಜ್) ಸಿಗ್ನಲ್‌ದು. ಹೆಚ್ಚು ವೋಲ್ಟೇಜಿನ ಮಾಮೂಲಿ ಆರ್‌ಎಸ್232 ಸೀರಿಯಲ್ ಕೇಬಲನ್ನು ನೇರವಾಗಿ ಮೌಂಟಿಗೆ ಚುಚ್ಚಬೇಡಿ, ಬೋರ್ಡ್ ಸುಡಬಹುದು.