ಅಪ್‌ಡೇಟ್: ದ್ರಾಕ್ಷಿ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವ) ರೋಬೋಟ್ ಕಡ್ಡಿ ಗುರುತಿಸುವ ಸಮಸ್ಯೆ

ಹಿಂದೆ ಕೇಳಿದ್ದು ಇಷ್ಟು: ಧಾರವಾಡದ ಹತ್ತಿರದ ತೋಟದಲ್ಲಿ ವೈ ಆಕಾರದ ಚಪ್ಪರದ ಕೆಳಗಿಂದ ಡೆಪ್ತ್ ಕ್ಯಾಮೆರಾ (ಚಿತ್ರದ ಜೊತೆ ದೂರವನ್ನೂ ಅಳೆಯುವಂಥದ್ದು) ಹಿಡಿದರೆ ಚಿತ್ರದಲ್ಲಿ ಕಡ್ಡಿಗಳು ತುಂಡುತುಂಡಾಗಿ ಬರುತ್ತವೆ, ಒಂದರ ಮೇಲೊಂದು ಹಾದದ್ದು ಕವಲು ಅಂತ ದಾಖಲಾಗುತ್ತದೆ. ಈಗ ಎರಡೂ ಬಹುಮಟ್ಟಿಗೆ ಸರಿಹೋಗಿವೆ.

ತುಂಡಾಗಲು ಕಾರಣ ಬೆಳಕು. ಆಕಾಶ ಎದುರಿಗಿದ್ದರೆ ತೆಳು ಕಡ್ಡಿಯ ಅಂಚೇ ಕರಗಿಹೋಗುತ್ತದೆ. ಕತ್ತಲಾದ ಮೇಲೆ ಕ್ಯಾಮೆರಾದ ಎರಡೂ ಬದಿಗೆ ಎಲ್‌ಇಡಿ ಕಟ್ಟಿ ತೆಗೆದರೆ ಹಿನ್ನೆಲೆ ತಾನಾಗಿಯೇ ಕಪ್ಪು. ಹಿಂದೆ ಕಪ್ಪು ಪರದೆ ಕಟ್ಟುವ ಖರ್ಚೂ ಉಳೀತು. 60 ಸೆಂ.ಮೀ. ದೂರದಲ್ಲಿ 1280 ಪಿಕ್ಸೆಲ್‌ಗೆ ಸುಮಾರು 82 ಸೆಂ.ಮೀ. ಅಗಲ ಸಿಗುತ್ತದೆ, ಅಂದರೆ 8 ಮಿ.ಮೀ. ಕಡ್ಡಿಗೆ 12 ಪಿಕ್ಸೆಲ್. 640ಕ್ಕೆ ಇಳಿಸಿದರೆ ಆರೇ, ಕಡ್ಡಿಯ ಕಣ್ಣು (ಚಿಗುರೊಡೆಯುವ ಮೊಗ್ಗು) ಎಣಿಸೋದು ಮರೆತುಬಿಡಿ.

ಕವಲಿನ ಲೆಕ್ಕ ಹೀಗೆ: ಕಡ್ಡಿಗಳ ನಡುಗೆರೆ ತೆಗೆದಾಗ ಮೂರು ಗೆರೆ ಕೂಡಿದರೆ ಕವಲು, ನಾಲ್ಕು ಕೂಡಿದರೆ ದಾಟು. ಆದರೆ ಓರೆಯಾಗಿ ದಾಟಿದಲ್ಲಿ ನಾಲ್ಕರ ಗಂಟು ಒಡೆದು ಮೂರರ ಎರಡು ಗಂಟಾಗುತ್ತದೆ, ತಪ್ಪು ಕತ್ತರಿ ಬೀಳೋದು ಇಲ್ಲೇ. ಅಕ್ಕಪಕ್ಕದ ಗಂಟುಗಳನ್ನು ಮೊದಲು ಕೂಡಿಸಿ, ಆಮೇಲೆ ದಿಕ್ಕು, ಆಳ (ಕ್ಯಾಮೆರಾದಿಂದ ಇರುವ ದೂರ) ಎರಡೂ ಹೊಂದುವ ತುದಿಗಳನ್ನು ಜೋಡಿಸಬೇಕು.

ಚಪ್ಪರದ ತಂತಿ ಸುಲಭ: ದಪ್ಪ ಬದಲಾಗದ ನೇರ ಗೆರೆ, ಅಳಿಸಿದರಾಯಿತು. ಬಳ್ಳಿ ಕಟ್ಟಿದ ಸುತಳಿ ಮಾತ್ರ ಇನ್ನೂ ಕಡ್ಡಿ ಅಂತಲೇ ಬರ್ತಿದೆ. ಇದೆಲ್ಲ ಎಲೆ ಉದುರಿಸಿದ ಮೇಲಿನ ಅಕ್ಟೋಬರ್ ಚಾಟ್ನಿಗೆ. ಎಲೆ ತುಂಬಿದ ಬಳ್ಳಿಗೆ ನಡೆಯೋದಿಲ್ಲ.